ಫಟಫಟಿ ಮುಟ್ಟಿದವರು

ಹುಕ್ಕೇರಿ
೧೨ ಜೂನ್ ೧೯೩೮

ಅಕ್ಕ ಶಿವಗಂಗವ್ವನಿಗೆ ತಮ್ಮ ರಾಜಪ್ಪನ ಶರಣು.

ನಿನ್ನ ಯಜಮಾನರು, ಅಂದರೆ ನಮ್ಮ ಅಣ್ಣಪ್ಪ ಮಾವನವರು, ನಿನ್ನೆ ಫಟಫಟಿ ಮೋಟಾರ್ ಸೈಕಲ್ಲು ಏರಿ ಮೂಡಲಗಿಯ ದಾರಿ ಹಿಡಿದರು. ಸುಖವಾಗಿ ಬಂದು ಮುಟ್ಟಿದ್ದಾರೆಂದು ನಂಬಿದ್ದೇನೆ. ಧೋತರವನ್ನು ಸೊಂಟಕ್ಕೆ ಸಿಕ್ಕಿಸಿ, ರುಮಾಲಿನ ಚುಂಗನ್ನು ಗದ್ದದ ಕೆಳಗೆ ಗಂಟು ಹಾಕಿಕೊಂಡು ಕೂತಾಗ ಯಾವ ಸಾಹೇಬನಿಗೂ ಅವರು ಕಡಿಮೆ ಇರಲಿಲ್ಲ. ನಮ್ಮ ಮೋಟಾರ್ ಸ್ಟ್ಯಾಂಡಿನ ಮಂದಿಯೆಲ್ಲ ಚಹಾ ಬಿಟ್ಟು ಎದ್ದು ನಿಂತು ನೋಡಿದರು.

ಗಾಡಿಯ ಸಂಗತಿಯನ್ನು ಅವರಿಗೆ ಬಿಟ್ಟು ನಿನಗೆ ಬರೆಯುತ್ತಿದ್ದೇನೆಂದು ನಗಬೇಡ. ಇಲ್ಲಿಯೇ ಹೇಳಿಕೊಡಲು ಹೋಗಿದ್ದೆ. “ಏ, ಹೋಗಲೇ! ಹತ್ತು ಎತ್ತ ಪಳಗಿಸಿದಾವಗ ಒಂದು ಕಬ್ಬಿಣದ ಎತ್ತ ಹೊಡಿಯೂದು ನೀ ಕಲಿಸ್ತೇನು?” ಎಂದರು. ಬರೆದದ್ದನ್ನು ಕೊನೆಯ ತನಕ ಓದಿ, ಓದಿದ್ದನ್ನು ಬಿಡದೆ ನಡೆಸುವ ಜೀವ ಆ ಮನೆಯಲ್ಲಿ ನೀನೊಬ್ಬಳೇ.

ಕೇಳು. ಎಂಜಿನ್ನಿನ ಪಕ್ಕದಲ್ಲಿ ಮ್ಯಾಗ್ನೆಟೊ ಎಂಬ ಡಬ್ಬಿಯಿದೆ. ಅದು ತಿರುಗಿದರೆ ಕರೆಂಟು ಹುಟ್ಟುತ್ತದೆ. ಆ ಕರೆಂಟು ದಪ್ಪ ತಂತಿಯೊಂದರಲ್ಲಿ ಹರಿದು ಎಂಜಿನ್ನಿನ ನೆತ್ತಿಯ ಮೇಲಿರುವ ಪ್ಲಗ್ಗಿಗೆ ಬರುತ್ತದೆ. ಪ್ಲಗ್ಗಿನ ಕೆಳತುದಿ ಎಂಜಿನ್ನಿನ ಒಳಗಿರುತ್ತದೆ. ಅಲ್ಲಿ ಕಿಡಿ ಹಾರಿದರೆ ಪೆಟ್ರೋಲು ಹೊತ್ತಿ ಗಾಡಿ ಓಡುತ್ತದೆ. ಹೊರಗೆ ನಮಗೆ ಕಾಣುವುದು ಅದರ ಬಿಳಿ ಪಿಂಗಾಣಿಯ ಮೈ, ಹೆಬ್ಬೆರಳಿನಷ್ಟು. ಅದೇ ಈ ಗಾಡಿಯ ಪ್ರಾಣಲಿಂಗ ಎಂದು ತಿಳಿ. ಅದು ಶುದ್ಧವಾಗಿದ್ದರೆ ಗಾಡಿ ಎಂದೂ ಕೈ ಕೊಡುವುದಿಲ್ಲ. ದಿನಾ ಬೆಳಿಗ್ಗೆ ಅದರ ಸೇವೆಯಾಗಬೇಕು. ಮಾವನವರಿಗೆ ಪುರುಸೊತ್ತಿರುವುದಿಲ್ಲ, ನೀನೇ ನೋಡಿಕೋ.

ಉಳಿದದ್ದಕ್ಕೆ ಹೆದರಬೇಕಾಗಿಲ್ಲ. ಗಾಡಿ ಹಳೆಯದು ನಿಜ, ವಿಲಾಯತಿಗೆ ಹೊರಟ ಸಾಹೇಬ ಬಿಟ್ಟು ಹೋದದ್ದು. ಆದರೆ ಮ್ಯಾಗ್ನೆಟೊದ ಸುರುಳಿಯನ್ನು ನಾನೇ ಬಿಚ್ಚಿ, ಹೊಸ ತಂತಿ ಸುತ್ತಿ, ಅರಗು ಬಳಿದಿದ್ದೇನೆ. ಸಾಹೇಬನ ಕೈಯಲ್ಲಿದ್ದಾಗಿಗಿಂತ ಈಗ ಗಟ್ಟಿಯಾಗಿದೆ.

ನಿನ್ನ ತಮ್ಮ,
ರಾಜಪ್ಪ

ಮೂಡಲಗಿ
೩ ಜುಲೈ ೧೯೩೮

ತಮ್ಮ ರಾಜಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಉತ್ತರಕ್ಕೆ ತಡಮಾಡಿದೆ, ಸಿಟ್ಟಾಗಬೇಡ. ಒಳ್ಳೆಯ ಸುದ್ದಿ ಬರೆಯೋಣವೆಂದು ಕಾದೆ, ಅದು ಬರಲಿಲ್ಲ.

ಮೊದಲು ಎಲ್ಲ ಚೆನ್ನಾಗಿತ್ತು. ಮೂಡಲಗಿಗೆ ಬಂದ ಮೊದಲ ಫಟಫಟಿ ನಮ್ಮದು. ಇವರು ಅಡತಿ ಅಂಗಡಿ ತೆರೆದು, ಆಳುಗಳಿಗೆ ಕೆಲಸ ಹಚ್ಚಿ, ಗೋಕಾಕದ ಪೇಟೆಗೆ ಹೋಗಿ ಊಟದ ಹೊತ್ತಿಗೆ ತಿರುಗಿ ಬರುತ್ತಿದ್ದರು. ಈಗ ಅದು ಬೆಳಿಗ್ಗೆ ಏಳುವುದೇ ಇಲ್ಲ. ಕಿಕ್ಕು ಹೊಡೆದು ಹೊಡೆದು ಇವರ ಹಿಮ್ಮಡಿ ಬಾತಿದೆ. ಬಿಸಿಲು ಏರಿದ ಮೇಲೆ, ಏನೂ ಆಗಿರಲಿಲ್ಲವೆಂಬಂತೆ, ಒಂದೇ ಒದೆತಕ್ಕೆ ಫಟಫಟ ಎನ್ನುತ್ತದೆ. ಮೋಡವಿದ್ದರೆ ಮಧ್ಯಾಹ್ನವೂ ಇಲ್ಲ.

ಎದುರಂಗಡಿಯ ಸತ್ತೆಪ್ಪನವರು ನಿನಗೆ ಗೊತ್ತಲ್ಲ, ಬಾಯಿ ಸುಮ್ಮನಿರುವುದಿಲ್ಲ. “ಅಣ್ಣಪ್ಪಣ್ಣಾರ, ಎತ್ತ ಹೂಡಿ ಕೊಡ್ಲೇನ್ರಿ ಫಟಫಟಿಗೆ?” ಎಂದು ಕೂಗುತ್ತಾರೆ. ಇವರು ಅಲ್ಲಿ ನಗುತ್ತಾರೆ. ಮನೆಗೆ ಬಂದು ತಾಟಿನ ಮುಂದೆ ಕೂತು ರೊಟ್ಟಿ ಮುರಿಯುತ್ತಾರೆ, ತಿನ್ನುವುದಿಲ್ಲ. ನನ್ನ ತವರಿನಿಂದ ಬಂದ ಗಾಡಿ ಎಂದು ಒಂದು ಮಾತನ್ನೂ ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ನನ್ನ ಕಡೆಯಿಂದ ಲೋಪವಾಗಿಲ್ಲ. ನೀನು ಹೇಳಿದ ಸೇವೆಯನ್ನು ಇವರು ಹೊರಗೆ ಬರುವ ಮೊದಲೇ ಮಾಡಿ ಮುಗಿಸುತ್ತೇನೆ. ಸ್ನಾನ ಮಾಡದೆ ಒಂದು ದಿನವೂ ಅದರ ಹತ್ತಿರ ಹೋಗಿಲ್ಲ.

ನಿನ್ನ ಅಕ್ಕ,
ಶಿವಗಂಗವ್ವ

ಹುಕ್ಕೇರಿ
೮ ಜುಲೈ ೧೯೩೮

ಅಕ್ಕನಿಗೆ ಶರಣು.

ಪತ್ರ ಓದಿ ನಿದ್ದೆ ಕೆಟ್ಟಿತು. ನೀನು ದಿನಾ ಪ್ಲಗ್ಗು ಒರೆಸುತ್ತಿರುವುದು ಕೇಳಿ ಸಂತೋಷ. ಆದರೆ ಸ್ನಾನ ಮಾಡಿಯೇ ಒರೆಸಬೇಕೆಂದೇನಿಲ್ಲ, ಅಕ್ಕಾ! ಅದು ಗಾಡಿ, ಗುಡಿಯಲ್ಲ.

ಈಗ ಮಾವನವರಿಂದ ಹೀಗೆ ಮಾಡಿಸು. ಪ್ಲಗ್ಗು ಬಿಚ್ಚಬೇಕು, ತಂತಿ ಅದಕ್ಕೇ ಇರಲಿ. ಪ್ಲಗ್ಗಿನ ಕಬ್ಬಿಣದ ಭಾಗವನ್ನು ಎಂಜಿನ್ನಿನ ಮೇಲೆ ತಾಗಿಸಿ ಮಲಗಿಸಿ, ನೆರಳಲ್ಲಿ ನಿಂತು, ಕಿಕ್ಕು ಹೊಡೆದು ತುದಿಯನ್ನು ನೋಡಬೇಕು. ಕಿಡಿ ನೀಲಿಯಾಗಿ ದಪ್ಪಗೆ ಹಾರಿ ಚಟ್ ಎಂದರೆ ಪ್ಲಗ್ಗು, ತಂತಿ, ಮ್ಯಾಗ್ನೆಟೊ ಎಲ್ಲ ಸರಿ. ಹಳದಿಯಾಗಿ ಸಣಕಲಾಗಿದ್ದರೆ ಮ್ಯಾಗ್ನೆಟೊದ ಮುಚ್ಚಳ ತೆಗೆದು, ಒಳಗೆ ಬಾಯಿ ತೆರೆದು ಮುಚ್ಚುವ ಎರಡು ಪಾಯಿಂಟುಗಳನ್ನು ನಯವಾದ ಕಾಗದದಿಂದ ಉಜ್ಜಬೇಕು. ಕಿಡಿ ಬಾರದೇ ಇದ್ದರೆ ತಂತಿ ಎಲ್ಲಾದರೂ ಸುಲಿದು ಕಬ್ಬಿಣಕ್ಕೆ ತಾಗಿದೆಯೇ ನೋಡಬೇಕು. ಕರೆಂಟು ಮಳೆನೀರಿನ ಜಾತಿಯದು. ಸುಲಭದ ದಾರಿ ಸಿಕ್ಕರೆ ಅತ್ತಲೇ ಹರಿಯುತ್ತದೆ, ನಾವು ಕಟ್ಟಿದ ಕಾಲುವೆಗೆ ಬರುವುದಿಲ್ಲ.

ಮ್ಯಾಗ್ನೆಟೊದ ಸುರುಳಿಯ ಮೇಲೆ ಮಾತ್ರ ಸಂಶಯ ಬೇಡ. ಅದರಲ್ಲಿ ದೋಷವಿರುವುದು ಸಾಧ್ಯವೇ ಇಲ್ಲ.

ಇನ್ನೊಂದು. ಗಾಡಿಯನ್ನು ಯಾರು ಯಾರು ಮುಟ್ಟುತ್ತಾರೆ? ಸರಿಯಾಗಿ ಯೋಚಿಸಿ ಬರೆ.

ರಾಜಪ್ಪ

ಮೂಡಲಗಿ
೧೪ ಜುಲೈ ೧೯೩೮

ರಾಜಪ್ಪನಿಗೆ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ನೀನು ಬರೆದಂತೆಯೇ ಆಯಿತು. ಇವರು ಪ್ಲಗ್ಗು ಬಿಚ್ಚಿ, ಧೋತರದ ಅಂಚಿನಿಂದ ತಿಕ್ಕಿ ಒರೆಸಿ, ಎಂಜಿನ್ನಿನ ಮೇಲೆ ಮಲಗಿಸಿ ಕಿಕ್ಕು ಹೊಡೆದರು. ಅಯ್ಯೋ ತಮ್ಮಾ, ಎಂಥ ನೀಲಿ! ನಾನು ಬಾಗಿಲ ಮರೆಯಲ್ಲಿದ್ದವಳು ಹೊರಗೇ ಬಂದುಬಿಟ್ಟೆ. ತಿರುಗಿ ಕೂರಿಸಿದಾಗ ಗಾಡಿ ಒಂದೇ ಒದೆತಕ್ಕೆ ಎದ್ದಿತು. ಇವರು ಕೌಜಲಗಿಯ ತನಕ ಸುಮ್ಮನೆ ಹೋಗಿ ಬಂದರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಹಾಡು.

ಮುಟ್ಟುವವರ ವಿಷಯ ಕೇಳಿದ್ದೀ. ಇಬ್ಬರೇ. ಒಬ್ಬರು ಇವರು, ಇನ್ನೊಬ್ಬ ಉದ್ದಪ್ಪ. ಊರ ಹೊರಗಿನ ಕೇರಿಯ ಆಳು, ನೀನು ನೋಡಿದ್ದೀ, ಎತ್ತಿನ ಮೈ ತೊಳೆಯುತ್ತಿದ್ದವನು. ಈಗ ದಿನಾ ಸಂಜೆ ಗಾಡಿಯನ್ನೂ ತೊಳೆದು ಒರೆಸುತ್ತಾನೆ. ಸತ್ತೆಪ್ಪನವರು ಮೊದಲ ದಿನವೇ ಮುಖ ಸಿಂಡರಿಸಿದ್ದರು. ಇವರೇ “ಕಬ್ಬಿಣಕ್ಕ ಮೈಲಗಿ ಎಲ್ಲೈತ್ರಿ?” ಎಂದು ಬಾಯಿ ಮುಚ್ಚಿಸಿದರು. ಉದ್ದಪ್ಪನಿಗೆ ಗಾಡಿ ಎಂದರೆ ಪ್ರಾಣ. ದೀಪದ ಗಾಜಿನಲ್ಲಿ ಮುಖ ನೋಡಿಕೊಂಡು ನಗುತ್ತಾನೆ.

ಇವರಿಬ್ಬರನ್ನು ಬಿಟ್ಟರೆ ಮತ್ತಾರೂ ಮುಟ್ಟುವುದಿಲ್ಲ.

ಶಿವಗಂಗವ್ವ

ಹುಕ್ಕೇರಿ
೧೮ ಜುಲೈ ೧೯೩೮

ಅಕ್ಕನಿಗೆ ಶರಣು.

ನೀಲಿ ಕಿಡಿಯ ಸುದ್ದಿ ಓದಿ ಮನಸ್ಸು ಹಗುರಾಯಿತು. ನನ್ನ ಮ್ಯಾಗ್ನೆಟೊ ಸರಿಯಿದೆ! ಇದನ್ನು ಮಾವನವರಿಗೆ ಎರಡು ಸಲ ಓದಿ ಹೇಳು.

ಹಾಗಾದರೆ ದೋಷ ಗಾಡಿಯದಲ್ಲ, ಕೈಯದು. ಸಂಜೆ ಸರಿಯಿದ್ದದ್ದು ಬೆಳಿಗ್ಗೆ ಕೆಡುತ್ತದೆ ಎಂದರೆ ನಡುವೆ ಯಾರೋ ಏನೋ ಮಾಡುತ್ತಿದ್ದಾರೆ. ಉದ್ದಪ್ಪ ಬೇಕೆಂದು ಮಾಡುತ್ತಾನೆಂದು ನಾನು ಹೇಳುವುದಿಲ್ಲ. ಎತ್ತಿನ ಮೈ ತಿಕ್ಕಿದ ಹಾಗೆ ತಿಕ್ಕಿ, ಎಲ್ಲೋ ನೀರು ಬಿಡುತ್ತಿರಬಹುದು, ಏನಾದರೂ ಎಳೆಯುತ್ತಿರಬಹುದು. ತಿಳಿಯದ ಕೈ. ಕೆಲವು ದಿನ ಅವನ ಕೈಯನ್ನು ಗಾಡಿಯಿಂದ ದೂರ ಇಡಿಸಿ ನೋಡು.

ಅವಸರದಲ್ಲಿದ್ದೇನೆ. ಹತ್ತರಗಿಯಲ್ಲಿ ಒಂದು ಲಾರಿ ನಿಂತಿದೆ.

ರಾಜಪ್ಪ

ಮೂಡಲಗಿ
೧೦ ಆಗಸ್ಟ್ ೧೯೩೮

ತಮ್ಮ ರಾಜಪ್ಪನಿಗೆ.

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ.

ನಿನ್ನ ಪತ್ರ ಇವರ ಕೈಗೇ ಸಿಕ್ಕಿತು. “ಕೈಯದು” ಎಂಬಲ್ಲಿ ಬೆರಳಿಟ್ಟು ಓದಿದರು. ಆದರೂ ಉದ್ದಪ್ಪನನ್ನು ತೆಗೆಯಲಿಲ್ಲ. ಶ್ರಾವಣದ ಮೊದಲ ಸೋಮವಾರ, ಸಂತೆ. ಸಾಂಗಲಿಯಿಂದ ಬಂದ ವ್ಯಾಪಾರಿಗಳು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಅವರಲ್ಲೊಬ್ಬರನ್ನು ಹಿಂದೆ ಕೂರಿಸಿಕೊಂಡು ಗೋಕಾಕಕ್ಕೆ ಹೋಗುವೆನೆಂದು ಇವರು ಮಾತು ಕೊಟ್ಟಿದ್ದರು. ಗಾಡಿ ಏಳಲಿಲ್ಲ. ಇವರು ಒದ್ದರು, ಇಳಿದರು, ಮತ್ತೆ ಒದ್ದರು. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು. ಸಂತೆಯ ಮಂದಿ ಸುತ್ತ ನಿಂತರು. ಆ ವ್ಯಾಪಾರಿ ಎತ್ತಿನ ಬಂಡಿ ಹೇಳಿ ಹತ್ತಿ ಹೋದ.

ಇವರು ತಿರುಗಿ ಉದ್ದಪ್ಪನ ಕಡೆ ನೋಡಿದರು. “ಯಾಂವಲೇ ಮುಟ್ಟಿದಾಂವ? ಖರೆ ಹೇಳು, ಯಾರ್ ಮುಟ್ಯಾರ ಇದನ್ನ?”

ಉದ್ದಪ್ಪ ಒಮ್ಮೆ ತಲೆಯೆತ್ತಿ ಬಾಗಿಲ ಮರೆಯಲ್ಲಿದ್ದ ನನ್ನ ಕಡೆ ನೋಡಿದ. ನಾನು ಬಿಡಿಸಲಿ ಎಂದು ನೋಡಿದನೆಂದು ಕಾಣುತ್ತದೆ. ನಾನು ಹೊಸ್ತಿಲು ದಾಟಲಿಲ್ಲ. ಆಮೇಲೆ ನೆಲ ನೋಡಿ “ದಿನಾ ಒರಸಾಂವ ನಾನಽ ಅಲ್ರೀ” ಎಂದ. ಇವರು ಕಪಾಳಕ್ಕೆ ಹೊಡೆದರು. ಅಷ್ಟು ಮಂದಿಯ ಮುಂದೆ. ಅವನು ಬಿದ್ದ ರುಮಾಲನ್ನು ಎತ್ತಿಕೊಂಡು, ಒರೆಸುವ ಅರಿವೆಯನ್ನು ಮಡಚಿ ಕಟ್ಟೆಯ ಮೇಲಿಟ್ಟು ಹೋದ.

ಮರುದಿನ ಕೌಜಲಗಿಯಲ್ಲಿ ಇವರ ತಂಗಿ ಹೆತ್ತಳೆಂದು ಸುದ್ದಿ ಬಂತು, ನಾನು ಹೋದೆ. ನಾನು ಅಲ್ಲಿದ್ದಷ್ಟು ದಿನವೂ ಇಲ್ಲಿ ಗಾಡಿ ಗಡಿಯಾರದಂತೆ ನಡೆದಿದೆ. ಊರೆಲ್ಲ ಒಂದೇ ಮಾತು, ಆ ಕೈ ಹೋಯಿತು, ಗಾಡಿ ಸರಿಯಾಯಿತು. ನಿಜ ಹೇಳಲೇ, ನನಗೂ ಹಾಗೇ ಅನಿಸಿತು. ತಿರುಗಿ ಬಂದವಳೇ ತಪ್ಪಿಹೋದ ಸೇವೆಯನ್ನೆಲ್ಲ ಕೂಡಿಸಿ ಮಾಡಿದೆ. ಶ್ರಾವಣ ಬೇರೆ. ನಿನ್ನ ಪ್ರಾಣಲಿಂಗಕ್ಕೆ ತಂಬಿಗೆಯ ನೀರೆರೆದು, ವಿಭೂತಿಯನ್ನು ಒದ್ದೆ ಮಾಡಿ ಮೂರು ಬೆರಳಿನಿಂದ ದಪ್ಪಗೆ ಧರಿಸಿದೆ. ದಿನಾ ಮಾಡುವುದು ಅದನ್ನೇ, ಈ ಸಲ ಇನ್ನಷ್ಟು ಭಕ್ತಿಯಿಂದ. ಆದರೂ ಇಂದು ಬೆಳಿಗ್ಗೆ ಗಾಡಿ ಮತ್ತೆ ಸತ್ತಂತೆ ನಿಂತಿದೆ.

ಉದ್ದಪ್ಪ ಹಗೆಯಿಂದ ಕದ್ದು ಬಂದು ಕೆಡಿಸಿ ಹೋಗಿದ್ದಾನೆಂದು ಇವರು ಹಲ್ಲು ಕಡಿಯುತ್ತಿದ್ದಾರೆ. ಬರುವ ಸೋಮವಾರ ಗೋಕಾಕಕ್ಕೆ ಹೋಗಿ ಫೌಜದಾರರಿಗೆ ಫಿರ್ಯಾದಿ ಕೊಡುತ್ತಾರಂತೆ. ಕೇರಿಯವನನ್ನು ಪೊಲೀಸರು ಒಯ್ದರೆ ಏನು ಮಾಡುತ್ತಾರೆಂದು ನಿನಗೆ ಗೊತ್ತು. ಅವನ ಹೆಂಡತಿ ಗುಡ್ಡವ್ವ ಬಸುರಿ. ಏನಾದರೂ ದಾರಿಯಿದ್ದರೆ ಬೇಗ ಬರೆ.

ಶಿವಗಂಗವ್ವ

ಹುಕ್ಕೇರಿ
೧೨ ಆಗಸ್ಟ್ ೧೯೩೮

ಅಕ್ಕಾ,

ಈ ಪತ್ರವನ್ನು ಮೂಡಲಗಿಗೆ ಬರುವ ನಮ್ಮ ಸ್ಟ್ಯಾಂಡಿನ ಲಗಮಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ. ಒಬ್ಬಳೇ ಕೂತು ಓದು.

ಗಾಡಿ ಕೆಡಿಸಿದ್ದು ನಿನ್ನ ವಿಭೂತಿ.

ಪಿಂಗಾಣಿ ಇರುವುದೇ ಕರೆಂಟು ಹೊರಗೆ ಜಾರದಿರಲಿ ಎಂದು. ಒದ್ದೆ ಬೂದಿ ಬಳಿದರೆ ಅದೇ ಸುಲಭದ ದಾರಿಯಾಗುತ್ತದೆ. ತಂತಿಯಿಂದ ಬಂದ ಕರೆಂಟು ಬೂದಿಯ ಮೇಲೆ ಹಾದು ಹೊರಗಿನಿಂದಲೇ ಕಬ್ಬಿಣಕ್ಕೆ ಇಳಿಯುತ್ತದೆ, ಒಳಗೆ ಕಿಡಿ ಹಾರುವುದಿಲ್ಲ. ಬಿಸಿಲಿಗೆ ಬೂದಿ ಒಣಗಿದರೆ ದಾರಿ ಮುಚ್ಚುತ್ತದೆ, ಗಾಡಿ ಏಳುತ್ತದೆ. ಮಾವನವರು ಧೋತರದಿಂದ ಒರೆಸಿದ್ದಕ್ಕೆ ಆವತ್ತು ನೀಲಿ ಕಿಡಿ ಬಂತು. ನೀನು ಕೌಜಲಗಿಗೆ ಹೋದದ್ದಕ್ಕೆ ಗಾಡಿ ಸರಿಯಿತ್ತು. ಬಿಳಿಯ ಮೇಲೆ ಬಿಳಿ, ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದಿದ್ದರೂ ನಮ್ಮವರಲ್ಲಿ ವಿಭೂತಿ ನೋಡಿ ಸಂಶಯಪಡುವವರು ಯಾರು?

ನಿನ್ನನ್ನು ಬೈಯುವ ಮುಖ ನನಗಿಲ್ಲ. ಪ್ರಾಣಲಿಂಗ, ಸೇವೆ ಎಂದು ಚೇಷ್ಟೆ ಮಾಡಿ ಬರೆದವನು ನಾನು. ಒರೆಸು ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಇನ್ನೂ ಒಂದಿದೆ. ಸುರುಳಿಯಲ್ಲಿ ದೋಷ ಸಾಧ್ಯವೇ ಇಲ್ಲವೆಂದು ಬರೆದಾಗ ನನಗೇ ಅದರ ಮೇಲೆ ಸಂಶಯವಿತ್ತು. ಅಂಥ ಸುರುಳಿ ಸುತ್ತಿದ್ದು ನಾನು ಅದೇ ಮೊದಲು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಸ್ಥಿತಿ. ಅದಕ್ಕೇ ಇನ್ನೊಂದು ಕೈ ಹುಡುಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿಸಿದೆ.

ಈಗ ಮಾಡಬೇಕಾದದ್ದು ಇಷ್ಟು. ಒಣ ಅರಿವೆಯಿಂದ ಪಿಂಗಾಣಿಯನ್ನು ಚೆನ್ನಾಗಿ ಒರೆಸು. ಇನ್ನು ಅದರ ಹತ್ತಿರ ಹೋಗಬೇಡ. ಗಾಡಿ ಎದ್ದರೆ ಮಾವನವರ ಸಿಟ್ಟು ಇಳಿಯುತ್ತದೆ, ಫಿರ್ಯಾದಿ ನಿಲ್ಲುತ್ತದೆ. ಅಷ್ಟಾದರೆ ಸಾಕು. ಯಾರಿಗೂ ಏನೂ ಹೇಳಬೇಡ. ನಿನ್ನ ಹೆಸರು, ನನ್ನ ಹೆಸರು, ಮಾವನವರ ಮರ್ಯಾದೆ ಮೂರೂ ಇದರಲ್ಲಿ ಸಿಕ್ಕಿವೆ.

ರಾಜಪ್ಪ

ಮೂಡಲಗಿ
೨೫ ಆಗಸ್ಟ್ ೧೯೩೮

ರಾಜಪ್ಪನಿಗೆ.

ಒರೆಸಿದೆ. ಗಾಡಿ ಎದ್ದಿತು. ಫಿರ್ಯಾದಿ ನಿಂತಿತು. ನೀನು ಹೇಳಿದಂತೆಯೇ ಆಗಿದೆ.

ಇವರು ಈಗ ಹೊಟ್ಟೆ ತುಂಬ ಉಣ್ಣುತ್ತಾರೆ. ನಿನ್ನನ್ನು ಹೊಗಳುತ್ತಾರೆ. “ನಿನ್ನ ತಮ್ಮ ಶಾಣ್ಯಾ ಅದಾನ, ಅಲ್ಲೇ ಕುಂತು ಕೈ ಗುರ್ತ ಹಿಡದಾ” ಎಂದರು. ನಾನು ಒಲೆಯ ಕಡೆ ತಿರುಗಿದೆ.

ಗಾಡಿ ಸರಿಯಾದಷ್ಟೂ ಉದ್ದಪ್ಪನ ಮೇಲಿನ ಮಾತು ಗಟ್ಟಿಯಾಗುತ್ತಿದೆ. ಇದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಅದು ಫಟಫಟ ಎಂದಾಗ, ನೋಡಿದಿರಾ, ಆ ಕೈ ಹೋದದ್ದಕ್ಕೆ ಎಂದು ಊರು ಹೇಳುತ್ತದೆ. ಗಾಣದವರು ಅವನನ್ನು ಗಾಣದ ಹತ್ತಿರ ಬಿಡಲಿಲ್ಲ. ಹಿಟ್ಟಿನ ಗಿರಣಿಯ ಬೀರಸಿದ್ದಪ್ಪ ಚೀಲ ಹೊರುವ ಕೆಲಸವನ್ನೂ ಕೊಡಲಿಲ್ಲ. ಅವನು ಮುಟ್ಟಿದರೆ ಎಂಜಿನ್ನು ನಿಲ್ಲುತ್ತದಂತೆ. ಮೊನ್ನೆ ಹೊಲದ ದಾರಿಯಲ್ಲಿ ಗುಡ್ಡವ್ವ ಎದುರಾದಳು. ತುಂಬಿದ ಹೊಟ್ಟೆ, ತಲೆಯ ಮೇಲೆ ಸೌದೆಯ ಹೊರೆ. ದಾರಿ ಬಿಟ್ಟು ಬದುವಿಗೆ ಸರಿದು ನಿಂತು “ಆರಾಮ ಅದೀರೇನ್ರಿ ಅವ್ವಾ” ಎಂದಳು. ನಾನು ಕೇಳಿಸದವಳಂತೆ ನಡೆದೆ.

ನನಗೆ ನಾಚಿಕೆಯಾಗುತ್ತಿದೆ, ತಮ್ಮಾ. ಇವರಿಗೆ ಹೇಳಿಬಿಡಲೇ? ದಿನಾ ಬಾಯಿಯ ತನಕ ಬರುತ್ತದೆ. ಇವರ ನಗುಮುಖ ನೋಡಿದ ಕೂಡಲೇ ಇಳಿದು ಹೋಗುತ್ತದೆ. ನೀನು ಹೇಳು ಎಂದರೆ ಹೇಳುತ್ತೇನೆ.

ಶಿವಗಂಗವ್ವ

ಹುಕ್ಕೇರಿ
೯ ಸೆಪ್ಟೆಂಬರ್ ೧೯೩೮

ಅಕ್ಕಾ,

ಉದ್ದಪ್ಪ ಇಲ್ಲಿಗೆ ಬಂದಿದ್ದಾನೆ.

ನಿನ್ನ ಪ್ರಶ್ನೆಗೆ ಏನು ಬರೆಯಲಿ ಎಂದು ದಿನ ದೂಡುತ್ತಿದ್ದೆ. ಸೋಮವಾರ ನನ್ನ ರಿಪೇರಿ ಅಂಗಡಿ ತೆರೆಯುವಾಗ ಎದುರಿನ ಬೇವಿನ ಮರದ ಕೆಳಗೆ ಕೂತಿದ್ದ. ಮೂಡಲಗಿಯಿಂದ ನಡೆದೇ ಬಂದಿದ್ದಾನೆ. ಕಾಲು ಒಡೆದು ರಕ್ತ ಬಂದಿತ್ತು. ನಾನು ಬೈಯುತ್ತಾನೆ, ಅಳುತ್ತಾನೆ ಎಂದುಕೊಂಡೆ. “ನೀವು ಮಿಶಿನ್ನಿನ ಮಂದಿರಿ, ನಿಮಗ ಖರೆ ಗೊತ್ತಿರತೈತಿ. ನಾ ಗಾಡಿ ಕೆಡಿಸಿಲ್ಲರಿ. ಏನಾರ ಕೆಲಸ ಇದ್ರ ಕೊಡ್ರಿ” ಎಂದ.

ನನಗೆ ತಡೆಯಲಾಗಲಿಲ್ಲ. ಗಾಡಿ ಕೆಟ್ಟದ್ದು ವಿಭೂತಿಯಿಂದ ಎಂದು ಹೇಳಿಬಿಟ್ಟೆ. ಅವನು “ಹಂಗಾ?” ಎಂದ. “ಅವ್ವಾರು ದಿನಾ ಮುಂಜಾನೆ ನೀರು ಹಾಕಿ ಇಬತ್ತಿ ಹಚ್ಚತಿದ್ರರಿ. ನಾ ಆಚಿ ಕಡೆ ಎತ್ತ ಬಿಡೂವಾಗ ನೋಡತಿದ್ದೆ.”

“ನೋಡಿದ್ದಿ ಅಂದ್ರ ಅವತ್ತ ಯಾಕ ಹೇಳ್ಲಿಲ್ಲೋ? ಮುಟ್ಟಿದವರು ಯಾರು ಅಂತ ಮಾವನೋರು ಕೇಳಿದ್ರಲ್ಲ?”

“ಅದಽರಿ. ಮುಟ್ಟಿದವರು ಯಾರು ಅಂತ ಕೇಳಿದ್ರರಿ” ಎಂದ. “ಅವ್ವಾರು ಪೂಜಿ ಮಾಡತಿದ್ರು, ಮುಟ್ಟತಿರಲಿಲ್ಲರಿ. ಮುಟ್ಟಾವರು ಅಂದ್ರ ನಾವಽ ಅಲ್ಲೇನ್ರಿ?”

ಅವನು ಚುಚ್ಚಿ ಆಡಿದ ಮಾತಲ್ಲ. ಗಂಟೆ ಎಷ್ಟಾಯಿತೆಂದು ಹೇಳುವ ಹಾಗೆ ಹೇಳಿದ. ನಾನು ನಿನ್ನ ಹಳೆಯ ಪತ್ರ ತೆಗೆದು ನೋಡಿದೆ. ‘ಇವರಿಬ್ಬರನ್ನು ಬಿಟ್ಟರೆ ಮತ್ತಾರೂ ಮುಟ್ಟುವುದಿಲ್ಲ.’ ನೀನು ಸುಳ್ಳು ಬರೆದಿರಲಿಲ್ಲ ಅಕ್ಕಾ, ಅದು ನನಗೆ ಗೊತ್ತು. ನಿನ್ನ ಕೈ ಅದನ್ನು ಮುಟ್ಟುತ್ತದೆಂದು ನಿನಗೆ ಹೊಳೆಯಲಿಲ್ಲ. ಓದಿದ ನನಗೂ ಹೊಳೆಯಲಿಲ್ಲ. ಅವನು ಅವತ್ತು ಬಾಗಿಲ ಕಡೆ ನೋಡಿದ್ದು ಬಿಡಿಸಿ ಎಂದು ಕೇಳಲಿಕ್ಕಲ್ಲ, ನಿನ್ನ ಪೂಜೆ ಅವನಿಗೆ ನೆನಪಾಗಿತ್ತು.

ಯಾರಿಗೂ ಹೇಳಬೇಡ ಎಂದು ನಾನು ಬರೆದದ್ದು ತಪ್ಪು. ಹೇಳು. ಅವನ ಚಿಂತೆ ಬಿಡು, ನನ್ನ ಅಂಗಡಿಯಲ್ಲೇ ಕೆಲಸ ಕೊಟ್ಟಿದ್ದೇನೆ. ಇಲ್ಲಿ ಅವನ ಕೈಗೆ ಯಾರೂ ದೋಷ ಹಚ್ಚುವುದಿಲ್ಲ.

ರಾಜಪ್ಪ

ಮೂಡಲಗಿ
೨೭ ಸೆಪ್ಟೆಂಬರ್ ೧೯೩೮

ತಮ್ಮಾ,

ನಿನ್ನ ಪತ್ರ ಮುಟ್ಟಿತು ಎಂದು ಬರೆಯಲು ಹೋಗಿ ಕೈ ನಿಂತಿತು. ಬಂತು ಎಂದು ಬರೆಯುತ್ತೇನೆ.

ಇವರಿಗೆ ಉಣ್ಣುವಾಗ ಹೇಳಿದೆ. ತುತ್ತು ಕೈಯಲ್ಲೇ ಹಿಡಿದು ಕೇಳಿದರು. ಬೈಯಲಿಲ್ಲ. “ಮನ್ಯಾಗ ಹೇಳಿದಿ, ಮನ್ಯಾಗ ಇರ್ಲಿ” ಎಂದರು. ಉದ್ದಪ್ಪನ ಗತಿ ಏನು ಎಂದೆ. “ಪ್ಯಾಟ್ಯಾಗ ಹೊಡದದ್ದು ತಿರಗಿ ಹೆಂಗ ತುಗೊಳ್ಳಿ? ಅವನ ಕಾಲಿಗೆ ಬೀಳ್ಲೇನು?” ಎಂದು ಎದ್ದು ಕೈ ತೊಳೆದರು. ಅವರ ಕಣ್ಣು ಕೆಂಪಾಗಿತ್ತು. ಅವರು ಕೆಟ್ಟವರಲ್ಲ, ರಾಜಪ್ಪಾ. ಅದೇ ನನಗೆ ಕಷ್ಟ.

ನಿನ್ನೆ ಸಂತೆ. ಇವರು ಹೊರಡಲು ಗಾಡಿಯ ಹತ್ತಿರ ನಿಂತಿದ್ದರು, ಸತ್ತೆಪ್ಪನವರೂ ಮಂದಿಯೂ ಇದ್ದರು. ನಾನು ತಂಬಿಗೆ, ವಿಭೂತಿಗಟ್ಟಿಗಳನ್ನು ಹಿಡಿದು ಅಂಗಡಿಯ ಮುಂದಕ್ಕೆ ಇಳಿದೆ. ಈ ಮನೆಗೆ ಬಂದ ಮೇಲೆ ಸಂತೆಯ ದಿನ ಆ ಕಟ್ಟೆ ಇಳಿದದ್ದು ಇದೇ ಮೊದಲು. ಯಾರನ್ನೂ ನೋಡದೆ ಪ್ಲಗ್ಗಿನ ಮೇಲೆ ನೀರು ಹಾಕಿ ವಿಭೂತಿ ಬಳಿದು “ಈಗ ಹೊಡೀರಿ” ಎಂದೆ. ಇವರು ನನ್ನ ಮುಖ ನೋಡಿ, ಬೇರೆ ದಾರಿ ಕಾಣದೆ ಒದ್ದರು. ಏಳಲಿಲ್ಲ. ಮತ್ತೆ ಒದ್ದರು, ಏಳಲಿಲ್ಲ. ನಾನು ಸೆರಗಿನಿಂದ ಒರೆಸಿದೆ. ಈ ಸಲ ಎದ್ದಿತು. ಆ ಸದ್ದಿನ ಮೇಲೆ ಕೂಗಿ ಹೇಳಬೇಕಾಯಿತು: “ಮುಟ್ಟಿದಾಕಿ ನಾನು! ಉದ್ದಪ್ಪ ಅಲ್ಲ!”

ಆಮೇಲೆ ಏನಾಯಿತು ಗೊತ್ತೇ? ಎಲ್ಲರೂ ನಕ್ಕರು. “ಅಯ್ಯಯ್ಯ, ವೈನಿಯವರ ಭಕ್ತಿಗೆ ಫಟಫಟಿನಽ ಸಮಾಧಿಗೆ ಕುಂತಿತ್ತಲ್ರಿ!” ಎಂದು ಸತ್ತೆಪ್ಪನವರು ತೊಡೆ ತಟ್ಟಿಕೊಂಡರು. ಇವರೂ ನಗತೊಡಗಿದರು, ನಗದೆ ಏನು ಮಾಡಿಯಾರು? ನಾನು ಮುಟ್ಟಿದ್ದು ಊರಿಗೆ ನಗೆಯ ಕಥೆಯಾಯಿತು. ಅವನು ಮುಟ್ಟಿದನೆಂದಾಗ ಫೌಜದಾರನ ತನಕ ಹೋಗಿತ್ತು. ಒಬ್ಬರ ಬಾಯಲ್ಲೂ ಉದ್ದಪ್ಪನ ಹೆಸರು ಬರಲಿಲ್ಲ.

ಸಂಜೆ ಕೇರಿಗೆ ಹೋದೆ. ಗುಡ್ಡವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. “ನೀವು ಬಂದದ್ದ ದೊಡ್ಡದ್ರಿ ಅವ್ವಾ. ಮಂದಿ ನೋಡ್ಯಾರು, ಹೋಗ್ರಿ” ಎಂದಳು. ನನ್ನ ಮರ್ಯಾದೆಯ ಚಿಂತೆ ಅವಳಿಗೆ.

ಇವರು ರಾತ್ರಿ “ಅವಗ ಬಾ ಅಂತ ಹೇಳಿ ಕಳಸು” ಎಂದರು. ನಾನು ಅದನ್ನು ಹೇಳಿ ಕಳಿಸುತ್ತಿಲ್ಲ. ನಡೆದದ್ದನ್ನು ಮಾತ್ರ ಅವನಿಗೆ ಓದಿ ಹೇಳು. ನೀನಾದರೂ ಅವನನ್ನು ಮನುಷ್ಯನಂತೆ ಇಟ್ಟುಕೊಂಡಿದ್ದೀ, ಅದೊಂದೇ ನನಗೆ ಸಮಾಧಾನ.

ನಿನ್ನ ಅಕ್ಕ

ಹುಕ್ಕೇರಿ
೩೦ ಸೆಪ್ಟೆಂಬರ್ ೧೯೩೮

ಅಕ್ಕಾ,

ಪತ್ರವನ್ನು ಉದ್ದಪ್ಪನಿಗೆ ಓದಿ ಹೇಳಿದೆ. ನೀನು ಕಟ್ಟೆ ಇಳಿದೆ ಎಂಬಲ್ಲಿ “ಅಷ್ಟು ಮಂದಿ ಮುಂದಽ?” ಎಂದು ಎರಡು ಸಲ ಕೇಳಿದ. ಸತ್ತೆಪ್ಪನವರ ಮಾತಿಗೆ ಅವನೂ ನಕ್ಕ. ಗುಡ್ಡವ್ವನ ಹೆಸರು ಬಂದಾಗ ಮುಖ ತಿರುಗಿಸಿ ಮೂಗು ಒರೆಸಿಕೊಂಡ.

ನಿನ್ನ ಸಮಾಧಾನವನ್ನು ನಾನು ಕೆಡಿಸಬೇಕಾಗಿದೆ. ಕೆಲಸ ಕೊಟ್ಟಿದ್ದೇನೆಂದು ಬರೆದೆ, ಎಲ್ಲಿ ಎಂದು ಬರೆಯಲಿಲ್ಲ. ಅವನು ಕೂರುವುದು ಅಂಗಡಿಯ ಹೊರಗೆ, ಆ ಬೇವಿನ ಮರದ ಕೆಳಗೇ. ಸೈಕಲ್ಲುಗಳನ್ನು ಅಲ್ಲಿ ತೊಳೆದು ಒರೆಸಿ ಹೊಸ್ತಿಲ ತನಕ ತಂದು ನಿಲ್ಲಿಸುತ್ತಾನೆ. ಒಳಗೆ ನಾನು ಎಳೆದುಕೊಳ್ಳುತ್ತೇನೆ. ಹಾಗೆ ಮಾಡು ಎಂದು ನಾನು ಹೇಳಿದ್ದಿಲ್ಲ, ಮಾಡಲೇ ಎಂದು ಅವನು ಕೇಳಿದ್ದೂ ಇಲ್ಲ. ಮೊದಲ ದಿನವೇ ಇಬ್ಬರಿಗೂ ಗೊತ್ತಿತ್ತು. ಅವನಿಗೆ ಚಹಾವನ್ನು ತಾಗದಂತೆ ಎತ್ತರದಿಂದ ಹೊಯ್ಯುತ್ತೇನೆ.

ನಾನು ಓದಿ ಮುಗಿಸಿದಾಗ ಅವನು ಹೊಸ್ತಿಲ ಆಚೆ ಒಂದು ಸೈಕಲ್ಲು ಹಿಡಿದು ನಿಂತಿದ್ದ. ಸೀಟಿನ ಮೇಲಿಂದ ಕೈ ತೆಗೆದು ಅಂಗೈಯನ್ನು ತಿರುಗಿಸಿ ನೋಡಿಕೊಂಡ.

“ಹಂಗಾರ ಈ ಕೈಯಾಗ ಏನೂ ದೋಷ ಇಲ್ಲ ಅಂತ ಆತಲ್ರಿ?”

“ಏನೂ ಇಲ್ಲೋ ಉದ್ದಪ್ಪಾ.”

“ಊರ ಮಂದಿಗೂ ಗೊತ್ತಾತಲ್ರಿ?”

“ಗೊತ್ತಾತು.”

ಅವನ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ. ಅಷ್ಟರಲ್ಲಿ ಹನಿ ಬೀಳತೊಡಗಿತು. ಅವನು ಮೇಲೆ ನೋಡಿ, ಸೈಕಲ್ಲು ನೋಡಿ, “ಹಂಗಾರ ಇದನ್ನ ನಾನಽ ಒಳಗ ತಂದು ನಿಂದರಸ್ಲೇನ್ರಿ?” ಎಂದು ಕೇಳಿದ.

ಒಳಗೆ ಬೆಂಚಿನ ಮೇಲೆ ಊರ ಗಿರಾಕಿಗಳಿಬ್ಬರು ಕೂತಿದ್ದರು. ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ‘ಬಾ’ ಎನ್ನುವುದು ಒಂದೇ ಅಕ್ಷರ, ಅಕ್ಕಾ. ಅದು ನನ್ನ ಬಾಯಿಗೆ ಬರುವಷ್ಟರಲ್ಲಿ ಅವನು ತನ್ನ ಉತ್ತರ ತಿಳಿದುಕೊಂಡಿದ್ದ. ಸೈಕಲ್ಲನ್ನು ಹೊಸ್ತಿಲಿಗೆ ಒರಗಿಸಿ, ತಲೆಯ ಮೇಲೆ ಗೋಣಿತಾಟು ಹಾಕಿಕೊಂಡು ಮರದ ಕೆಳಗೆ ಹೋಗಿ ನಿಂತ.

ಆಮೇಲೆ ಬಾಗಿಲಿಗೆ ಬಂದು ಕರೆದೆ. ಗಟ್ಟಿಯಾಗಿಯೇ ಕರೆದೆ, ಬೆಂಚಿನವರಿಗೆ ಕೇಳುವ ಹಾಗೆ.

“ಇರ್ಲಿ ಬಿಡ್ರಿ,” ಎಂದ ಉದ್ದಪ್ಪ, “ಮಳಿ ಸಣ್ಣದೈತಿ.”

ಸೈಕಲ್ಲನ್ನು ನಾನೇ ಒಳಗೆ ಎಳೆದುಕೊಂಡೆ.

ರಾಜಪ್ಪ